ಸಹಾಯ ಬೇಕು: ಸಾಮಾನು ಹೇರಿದರೆ ಬೈಕಿನ ಹಿಂಬದಿ ಕುಸಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ದೂರದ ಕಚ್ಚಾ ರಸ್ತೆಗಳ ಪ್ರಯಾಣಕ್ಕೆಂದು ನನ್ನ 400 ಸಿಸಿ ಬೈಕನ್ನು ಸಜ್ಜುಗೊಳಿಸುತ್ತಿದ್ದೇನೆ. ಎಂಜಿನ್ ಗಾರ್ಡ್, ಎರಡೂ ಬದಿಗೆ ಪೆಟ್ಟಿಗೆ ಹಾಕಿಸಿದ್ದಾಯಿತು.

30 ಕಿಲೋ ಸಾಮಾನು ಹೇರಿ ನಾನು ಕುಳಿತರೆ ಹಿಂಬದಿ ಎಷ್ಟು ತಗ್ಗುತ್ತದೆಂದರೆ, ಹೆಡ್‌ಲೈಟ್ ಬೆಳಕು ರಸ್ತೆ ಬಿಟ್ಟು ಮರದ ಕೊಂಬೆಗಳ ಮೇಲೆ ಬೀಳುತ್ತದೆ. ಜಲ್ಲಿಯ ಮೇಲೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅಲ್ಲಾಡುತ್ತದೆ, ನಿಜಕ್ಕೂ ಭಯವಾಯಿತು. ಪ್ರೀಲೋಡ್ (ಹಿಂದಿನ ಸ್ಪ್ರಿಂಗನ್ನು ಮೊದಲೇ ಅದುಮಿಡುವ ಹೊಂದಿಕೆ) ಕೊನೆಯ ಹಂತದವರೆಗೆ ಬಿಗಿ ಮಾಡಿದ್ದೇನೆ. ಅಳೆದು ನೋಡಿದರೆ ಹಿಂದಿನ ಚಕ್ರದ ಒಟ್ಟು 180 ಮಿ.ಮೀ. ಮೇಲೆ-ಕೆಳಗಿನ ಚಲನೆಯಲ್ಲಿ 80 ಮಿ.ಮೀ. ಕುಳಿತಲ್ಲೇ ಮುಗಿಯುತ್ತಿದೆ. ಸುಮಾರು ಮೂರನೆಯ ಒಂದು ಭಾಗ, ಅಂದರೆ 60ರ ಆಸುಪಾಸಿನಲ್ಲಿರಬೇಕಿತ್ತು.

ಗಟ್ಟಿ ಸ್ಪ್ರಿಂಗ್ ಒಂದನ್ನೇ ಹಾಕಿಸಿದರೆ ಸಾಕೇ, ಇಡೀ ಶಾಕ್ ಅಬ್ಸಾರ್ಬರ್ ಬದಲಿಸಬೇಕೇ? ಹಳೆಯ ಶಾಕ್‌ನ ಡ್ಯಾಂಪಿಂಗ್ (ಸ್ಪ್ರಿಂಗ್ ಪುಟಿಯುವುದನ್ನು ತಡೆಯುವ ವ್ಯವಸ್ಥೆ) ಹೊಸ ಸ್ಪ್ರಿಂಗನ್ನು ಹಿಡಿದಿಡಲಾರದೆ ಬೈಕ್ ಕುಪ್ಪಳಿಸೀತೆಂಬ ಅಳುಕು ನನಗೆ. ಮಾಡಿಸಿ ಅನುಭವವಿದ್ದವರು ದಯವಿಟ್ಟು ತಿಳಿಸಿ.