ಪಿಸ್ತೂಲಿನ ಮಾಡೆಲ್ ಆಮೇಲೆ, ಮೊದಲು ವೀಸಾ ಮತ್ತು ಬೀಗ

ದಿನವೂ ಮೈಮೇಲೆ ಇಟ್ಟುಕೊಳ್ಳಲು ಚಿಕ್ಕ ಪಿಸ್ತೂಲು ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ಮಾಡೆಲ್ ಹೇಳುವ ಮುಂಚೆ ಒಂದು ಮಾತು: ಅಮೆರಿಕದಲ್ಲಿ ನೀವು ಯಾವ ವೀಸಾದ ಮೇಲಿದ್ದೀರಿ? ಎಚ್-1ಬಿ, ಎಲ್-1, ಎಫ್-1, ಎಚ್-4, ಬಿ-2 ಈ ತಾತ್ಕಾಲಿಕ ವೀಸಾಗಳಲ್ಲಿ ಯಾವುದಿದ್ದರೂ ಫೆಡರಲ್ ಕಾನೂನಿನ ಪ್ರಕಾರ ಗನ್ ಕೊಳ್ಳುವಂತಿಲ್ಲ. ಮನೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ, ಒಂದೇ ಒಂದು ಗುಂಡು ಸಿಕ್ಕರೂ ಅಪರಾಧವೇ. ರಾಜ್ಯ ಕೊಡುವ ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ನಿಜ. ಆದರೆ ಅದರ ಅವಧಿ ಮುಗಿದ ಮರುದಿನದಿಂದ ಕಪಾಟಿನಲ್ಲಿರುವ ಪಿಸ್ತೂಲೇ ಅಪರಾಧವಾಗುತ್ತದೆ. ಇಂಥ ಅಪರಾಧಕ್ಕೆ 2022ರ ತಿದ್ದುಪಡಿಯಿಂದ 15 ವರ್ಷದವರೆಗೂ ಶಿಕ್ಷೆ ಇದೆ. ಅದರ ಮೇಲೆ ಗನ್ ಪ್ರಕರಣದಲ್ಲಿ ಶಿಕ್ಷೆಯಾದರೆ ಗಡೀಪಾರಿಗೆ ಅದೊಂದೇ ಕಾರಣ ಸಾಕು. ಗ್ರೀನ್ ಕಾರ್ಡಿಗೆಂದು ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿ ಹತ್ತು ವರ್ಷದಿಂದ ಸರದಿಯಲ್ಲಿದ್ದೀರಿ ಎಂದಮಾತ್ರಕ್ಕೆ ನಿಮ್ಮ ಎಚ್-1ಬಿ ಬೇರೇನೂ ಆಗಿಬಿಡುವುದಿಲ್ಲ. ಇಷ್ಟು ವರ್ಷ ಕಾದು ಕಟ್ಟಿಕೊಂಡ ಬದುಕನ್ನು ಇದಕ್ಕಾಗಿ ಪಣಕ್ಕಿಡಬೇಡಿ. ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ಈ ವಿಚಾರ ಬದಿಗಿಡಿ.

ನಮ್ಮವರ ಮನೆಗಳಲ್ಲಿ ಗಂಡನಿಗೊಂದು ವೀಸಾ, ಹೆಂಡತಿಗೊಂದು ವೀಸಾ ಇರುವುದು ಸಾಮಾನ್ಯ. ಒಬ್ಬರಿಗೆ ಗ್ರೀನ್ ಕಾರ್ಡ್ ಬಂದು ಇನ್ನೊಬ್ಬರು ಇನ್ನೂ ಎಚ್-1ಬಿಯಲ್ಲೇ ಇದ್ದರೆ, ತಿಜೋರಿಯ ಸಂಖ್ಯೆ ಆ ಇನ್ನೊಬ್ಬರಿಗೆ ಗೊತ್ತಿರಬಾರದು, ಬೀಗದ ಕೈಯೂ ಸಿಗಬಾರದು. ಕೈಯಲ್ಲಿ ಹಿಡಿಯದಿದ್ದರೂ, ಬೇಕೆಂದಾಗ ತೆಗೆಯಬಲ್ಲ ಸ್ಥಿತಿಯಲ್ಲಿದ್ದರೆ ಅದನ್ನೂ ಕಾನೂನು ಸ್ವಾಧೀನ ಎಂದೇ ನೋಡಬಹುದು. ಊರಿನಿಂದ ಬಂದ ಅಪ್ಪ ಅಮ್ಮನನ್ನು ಮೋಜಿಗೆಂದು ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗುವವರಿದ್ದಾರೆ. ಬಿ-2 ವೀಸಾದಲ್ಲಿರುವ ಅಪ್ಪನ ಕೈಗೆ ಬಾಡಿಗೆ ಪಿಸ್ತೂಲು ಕೊಟ್ಟು ಫೋಟೊ ತೆಗೆದು ವಾಟ್ಸಾಪಿಗೆ ಹಾಕಿದರೆ ಅವರ ವಿರುದ್ಧದ ಸಾಕ್ಷಿಯನ್ನು ನೀವೇ ತಯಾರಿಸಿದಂತೆ.

ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದವರ ದಾರಿ ಸರಳ. 21 ತುಂಬಿರಬೇಕು. ಲೈಸೆನ್ಸ್ ಇರುವ ಅಂಗಡಿಯಲ್ಲಿ 4473 ಎಂಬ ಫಾರ್ಮ್ ತುಂಬಬೇಕು, ಗ್ರೀನ್ ಕಾರ್ಡಿನವರು ಅದರಲ್ಲಿ ತಮ್ಮ ಏಲಿಯನ್ ನಂಬರನ್ನೂ ಬರೆಯಬೇಕು. ವಿಳಾಸ ಸರಿಯಿರುವ ರಾಜ್ಯದ ಗುರುತಿನ ಚೀಟಿ ಬೇಕು. ಮನೆ ಬದಲಾಯಿಸಿ ಡ್ರೈವಿಂಗ್ ಲೈಸೆನ್ಸಿನಲ್ಲಿ ಹಳೆ ವಿಳಾಸ ಬಿಟ್ಟವರು ಇಲ್ಲೇ ಸಿಕ್ಕಿಕೊಳ್ಳುವುದು.

ಮಾಡೆಲ್ ನೋಡುವ ಮುಂಚೆ ರಾಜ್ಯದ ನಿಯಮ ನೋಡಿ, ಏಕೆಂದರೆ ಅರ್ಧ ಆಯ್ಕೆ ಅಲ್ಲೇ ಮುಗಿದಿರುತ್ತದೆ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್, ಮ್ಯಾಸಚೂಸೆಟ್ಸ್‌ಗಳಲ್ಲಿ ಗುಂಡು ತುಂಬುವ ಡಬ್ಬಿಗೆ, ಅಂದರೆ ಮ್ಯಾಗಜಿನ್‌ಗೆ 10 ಗುಂಡಿನ ಮಿತಿ. ವಾಷಿಂಗ್ಟನ್ ರಾಜ್ಯದಲ್ಲಿ ಅದಕ್ಕಿಂತ ದೊಡ್ಡ ಮ್ಯಾಗಜಿನ್‌ಗಳ ಮಾರಾಟ 2022ರ ಜುಲೈನಿಂದ ನಿಂತಿದೆ. ಇಲಿನಾಯ್ ಮತ್ತು ಕೊಲರಾಡೊದಲ್ಲಿ ಪಿಸ್ತೂಲಿಗೆ 15. ಕ್ಯಾಲಿಫೋರ್ನಿಯಾದ ಅಂಗಡಿಗಳು ರಾಜ್ಯ ಸರ್ಕಾರದ ಪಟ್ಟಿಯಲ್ಲಿರುವ ಮಾಡೆಲ್‌ಗಳನ್ನೇ ಮಾರಬೇಕು. 10ರ ಮಿತಿ ಇರುವ ಕಡೆ 15 ಗುಂಡಿಗೆಂದು ಮಾಡಿದ ದಪ್ಪ ಹಿಡಿಕೆ ತಗೊಂಡು ಉಪಯೋಗವಿಲ್ಲ, ಅಲ್ಲಿಗೆ ತೆಳ್ಳನೆಯದೇ ಸರಿ. ನ್ಯೂಜೆರ್ಸಿಯವರು ಇನ್ನೊಂದು ಗಮನಿಸಿ: ಟೊಳ್ಳು ಮೂತಿಯ ಗುಂಡು, ಅಂದರೆ ಹಾಲೋ ಪಾಯಿಂಟ್, ಮನೆಯಲ್ಲಿ ಇಟ್ಟುಕೊಳ್ಳಬಹುದು, ರೇಂಜಿಗೂ ಒಯ್ಯಬಹುದು, ಆದರೆ ಮೈಮೇಲಿನ ಪಿಸ್ತೂಲಿನಲ್ಲಿ ತುಂಬಿಕೊಂಡು ಓಡಾಡುವಂತಿಲ್ಲ. ಮೂತಿಯಲ್ಲಿ ಪಾಲಿಮರ್ ತುಂಬಿದ ಗುಂಡಿಗೆ ಅಲ್ಲಿ ಅವಕಾಶವಿದೆ.

ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಪರ್ಮಿಟ್ ಇಲ್ಲದೆಯೂ ಒಯ್ಯಬಹುದು ಎಂದು ಎಲ್ಲರಿಗೂ ಗೊತ್ತು. ಮಕ್ಕಳಿರುವವರಿಗೆ ಗೊತ್ತಿರಬೇಕಾದದ್ದು ಬೇರೆ. ಶಾಲೆಯ ಆವರಣದಿಂದ 1,000 ಅಡಿಯೊಳಗಿನ ಸಾರ್ವಜನಿಕ ಜಾಗದಲ್ಲಿ, ರಸ್ತೆಯಲ್ಲಿ ಗನ್ ಇರಬಾರದು ಎಂಬುದು ಫೆಡರಲ್ ಕಾನೂನು. ಆ ರಾಜ್ಯವೇ ಹಿನ್ನೆಲೆ ತಪಾಸಣೆ ಮಾಡಿ ಕೊಟ್ಟ ಲೈಸೆನ್ಸ್ ಇದ್ದವರಿಗೆ ಮಾತ್ರ ಇದರಿಂದ ವಿನಾಯಿತಿ. ಇಲ್ಲದಿದ್ದರೆ ಗುಂಡು ತೆಗೆದು, ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು. ಬೆಳಿಗ್ಗೆ ಮಗುವನ್ನು ಬಿಡಲು ಕಾರಿನ ಸಾಲಿನಲ್ಲಿ ನಿಂತವರು ಈ 1,000 ಅಡಿಯೊಳಗೇ ಇರುತ್ತಾರೆ. ಹಾಗಾಗಿ ಕಡ್ಡಾಯವಿಲ್ಲದ ರಾಜ್ಯದಲ್ಲೂ ಲೈಸೆನ್ಸ್ ಮಾಡಿಸಿಕೊಳ್ಳಿ. ಲೈಸೆನ್ಸ್ ಇದ್ದರೂ ಶಾಲೆಯ ಕಟ್ಟಡದೊಳಗೆ ಒಯ್ಯುವುದು ಹೆಚ್ಚಿನ ರಾಜ್ಯಗಳಲ್ಲಿ ಅಪರಾಧ. ನಮ್ಮ ಕನ್ನಡ ಸಂಘಗಳ ಯುಗಾದಿ, ರಾಜ್ಯೋತ್ಸವ ಎಷ್ಟೋ ಊರುಗಳಲ್ಲಿ ನಡೆಯುವುದು ಬಾಡಿಗೆಗೆ ಪಡೆದ ಹೈಸ್ಕೂಲ್ ಸಭಾಂಗಣದಲ್ಲಿ, ಅದು ಭಾನುವಾರವೂ ಶಾಲೆಯೇ. ಅಂಚೆ ಕಚೇರಿಗೂ ಒಯ್ಯಬಾರದು, ಅದರ ಪಾರ್ಕಿಂಗ್ ಜಾಗವೂ ಅದರಲ್ಲಿ ಸೇರಿತು.

ಇನ್ನು ಪಿಸ್ತೂಲು. ಚಿಕ್ಕದಾದಷ್ಟೂ ಒಳ್ಳೆಯದು ಎಂಬುದು ಹೊಸಬರ ಮೊದಲ ತಪ್ಪು. ಅಂಗಿಯ ಕೆಳಗೆ ಉಬ್ಬಿ ಕಾಣುವುದು ನಳಿಕೆಯಲ್ಲ, ಹಿಡಿಕೆ. ನಳಿಕೆ ಪ್ಯಾಂಟಿನೊಳಗೆ ಇಳಿದುಹೋಗುತ್ತದೆ. ಅರ್ಧ ಇಂಚು ಹೆಚ್ಚು ಉದ್ದದ ನಳಿಕೆ ಪಿಸ್ತೂಲನ್ನು ಸೊಂಟಕ್ಕೆ ಒರಗಿಸಿ ನಿಲ್ಲಿಸುತ್ತದೆಯೇ ಹೊರತು ತೊಂದರೆ ಕೊಡುವುದಿಲ್ಲ. ಹಿಡಿಕೆ ಅರ್ಧ ಇಂಚು ಹೆಚ್ಚು ಉದ್ದವಾದರೆ ಬಗ್ಗಿದಾಗ ಬೆನ್ನ ಮೇಲೆ ಅಂಗಿ ಉಬ್ಬಿ ನಿಲ್ಲುತ್ತದೆ. ಆದ್ದರಿಂದ ಹಿಡಿಕೆಯ ಉದ್ದ ಮತ್ತು ಒಟ್ಟು ದಪ್ಪ, ಈ ಎರಡನ್ನು ಮೊದಲು ನೋಡಿ. ಸಿಗ್ ಪಿ365 ನಳಿಕೆ 3.1 ಇಂಚು, 10 ಗುಂಡು, ಸುಮಾರು 500 ಗ್ರಾಂ. ಅದರ ಎಕ್ಸ್‌ಎಲ್‌ನಲ್ಲಿ ನಳಿಕೆ 3.7 ಇಂಚು, 12 ಗುಂಡು. ಗ್ಲಾಕ್ 43ಎಕ್ಸ್‌ನ ನಳಿಕೆ 3.41 ಇಂಚು, 10 ಗುಂಡು. ಸ್ಮಿತ್ ಆ್ಯಂಡ್ ವೆಸನ್ ಶೀಲ್ಡ್ ಪ್ಲಸ್ ಕೂಡ ಇದೇ ಗುಂಪಿನದು. ಗ್ಲಾಕ್ 19ರ ನಳಿಕೆ 4.02 ಇಂಚು, 15 ಗುಂಡು, ಖಾಲಿ ಮ್ಯಾಗಜಿನ್ ಸಮೇತ ಸುಮಾರು 670 ಗ್ರಾಂ. ಎತ್ತರದ ಮೈಕಟ್ಟಿನವರಿಗೆ ಅದೂ ಅಡಗುತ್ತದೆ, ಸಣಕಲು ಮೈಯವರಿಗೆ ಕಷ್ಟ. ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ 43ಎಕ್ಸ್ ಅಥವಾ 365 ಎಕ್ಸ್‌ಎಲ್ ಅಳತೆ: ಕಿರುಬೆರಳಿಗೂ ಹಿಡಿಕೆಯ ಮೇಲೆ ಜಾಗ ಸಿಗುವಷ್ಟು ದೊಡ್ಡದು, ಅಡಗುವಷ್ಟು ತೆಳ್ಳಗಿನದು.

ಜೇಬಿಗೆ ಹಾಕಿಕೊಳ್ಳುವ 270 ಗ್ರಾಮಿನ, .380 ಎಂಬ ಚಿಕ್ಕ ಅಳತೆಯ ಗುಂಡಿನ ಪಿಸ್ತೂಲುಗಳನ್ನು ಅಂಗಡಿಯವರು ಹೆಂಗಸರಿಗೆ ತೋರಿಸುತ್ತಾರೆ. ಇದು ತಪ್ಪು ಸಲಹೆ. ತೂಕ ಕಡಿಮೆಯಾದಷ್ಟೂ ಒದೆತ ಹೆಚ್ಚು. ಒದೆತ ಹೆಚ್ಚಾದರೆ ಅಭ್ಯಾಸ ಬೇಡವೆನಿಸುತ್ತದೆ, ಅಭ್ಯಾಸವಿಲ್ಲದ ಕೈಯಲ್ಲಿ ಗನ್ ಬರೀ ಅಪಾಯ. ಸ್ಲೈಡ್, ಅಂದರೆ ಪಿಸ್ತೂಲಿನ ಮೇಲ್ಭಾಗದ ಜಾರುವ ಕವಚ, ಎಳೆಯಲು ಕಷ್ಟಪಡುವವರಿಗೆ ಶೀಲ್ಡ್ ಇಝಡ್ ಎಂಬುದಿದೆ, 9 ಎಂಎಂ, 8 ಗುಂಡು, ಸ್ಪ್ರಿಂಗ್ ಮೆತ್ತಗಿದೆ. ಐದು ಗುಂಡಿನ ಚಿಕ್ಕ ರಿವಾಲ್ವರ್ ಸುಲಭವೆಂದು ಕಾಣುತ್ತದೆ, ಆದರೆ ಅದರ ಟ್ರಿಗರ್ ತುಂಬ ಗಟ್ಟಿ, ಗುರಿ ಹಿಡಿಯುವುದು ಕಷ್ಟ.

ಅಂಗಡಿಯಲ್ಲಿ ಪರೀಕ್ಷೆ ಹೀಗೆ ಮಾಡಿ. ಖಾಲಿ ಇದೆಯೆಂದು ನೀವೇ ಸ್ಲೈಡ್ ಹಿಂದೆಳೆದು, ಗುಂಡಿನ ಮನೆಯನ್ನು, ಅಂದರೆ ನಳಿಕೆಯ ಹಿಂದೆ ಗುಂಡು ಕೂರುವ ಜಾಗವನ್ನು, ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ. ಮುಂಗೈ ಮೂಳೆ ಮತ್ತು ನಳಿಕೆ ಒಂದೇ ಗೆರೆಯಲ್ಲಿ ಬರುವಂತೆ ಹಿಡಿಯಿರಿ. ಹಾಗೆ ಹಿಡಿದಾಗ ತೋರುಬೆರಳಿನ ತುದಿಯ ಮೆತ್ತನೆ ಭಾಗ ಟ್ರಿಗರ್ ಮಧ್ಯಕ್ಕೆ ಮುಟ್ಟಬೇಕು. ಮುಟ್ಟಿಸಲು ಹಿಡಿತ ತಿರುಗಿಸಬೇಕಾದರೆ ಆ ಪಿಸ್ತೂಲು ನಿಮ್ಮ ಕೈಗೆ ದೊಡ್ಡದು. ಸ್ಲೈಡ್ ಎಳೆಯುವಾಗ ಬೆರಳಲ್ಲಿ ಚಿವುಟಿ ಎಳೆಯಬೇಡಿ. ಎಡ ಅಂಗೈಯನ್ನು ಸ್ಲೈಡಿನ ಮೇಲೆ ಮುಚ್ಚಿ ಹಿಡಿದು, ಬಲಗೈಯಿಂದ ಹಿಡಿಕೆಯನ್ನು ಮುಂದಕ್ಕೆ ತಳ್ಳಿ. ಹತ್ತು ಸಲ ಸರಾಗವಾಗಿ ಆಗಬೇಕು. ಕೊಳ್ಳುವ ಮುಂಚೆ ಅದೇ ಮಾಡೆಲನ್ನು ರೇಂಜಿನಲ್ಲಿ ಬಾಡಿಗೆಗೆ ಪಡೆದು 7 ಗಜ ದೂರದಿಂದ 50 ಗುಂಡು ಹೊಡೆಯಿರಿ. ಕೊನೆಯ ಹತ್ತು ಮೊದಲ ಹತ್ತಕ್ಕಿಂತ ಚೆದುರಿದ್ದರೆ ಒದೆತ ನಿಮ್ಮನ್ನು ಸುಸ್ತುಮಾಡಿದೆ ಎಂದರ್ಥ, ಒಂದು ಅಳತೆ ದೊಡ್ಡದು ನೋಡಿ. ಹೊಡೆದ ಗುಂಡಿನ ಖಾಲಿ ಚಿಪ್ಪು ಹೊರಬೀಳದೆ ಸ್ಲೈಡಿನಲ್ಲಿ ನೆಟ್ಟಗೆ ಸಿಕ್ಕಿಕೊಳ್ಳುತ್ತಿದ್ದರೆ ಹೆಚ್ಚಿನ ಸಲ ಕಾರಣ ಮಣಿಕಟ್ಟು ಸಡಿಲ ಬಿಟ್ಟದ್ದು. ಪುಟ್ಟ ಪಿಸ್ತೂಲುಗಳು ಇದನ್ನು ಕ್ಷಮಿಸುವುದಿಲ್ಲ.

ಗುಂಡು 9 ಎಂಎಂ ಸಾಕು. ಎಫ್‌ಬಿಐ ಕೂಡ .40 ಅಳತೆಯ ಗುಂಡು ಬಿಟ್ಟು 9 ಎಂಎಂಗೆ ಮರಳಿದೆ. ಆಯ್ದ ಗುಂಡು ಪರೀಕ್ಷೆಯ ಜೆಲ್‌ನಲ್ಲಿ 12ರಿಂದ 18 ಇಂಚು ಇಳಿಯಬೇಕು ಎಂಬುದು ಅವರ ಅಳತೆ. ಟೊಳ್ಳು ಮೂತಿಯದೇ ಏಕೆಂದರೆ ಅದು ಅರಳಿ ನಿಲ್ಲುತ್ತದೆ, ದುಂಡು ಮೂತಿಯದು ಆಚೆ ತೂರಿ ಹಿಂದಿರುವವರಿಗೆ ತಾಗುವ ಅಪಾಯ ಹೆಚ್ಚು. ಹೊಸ ಪಿಸ್ತೂಲಿನಲ್ಲಿ 200 ಅಭ್ಯಾಸದ ಗುಂಡು, 50 ನೀವು ಒಯ್ಯಲಿರುವ ಗುಂಡು ಎಲ್ಲೂ ಸಿಕ್ಕಿಕೊಳ್ಳದೆ ಹಾರಬೇಕು, ಅಲ್ಲಿಯವರೆಗೆ ಮೈಮೇಲೆ ಬೇಡ.

ಪಿಸ್ತೂಲಿನ ಒರೆ, ಅಂದರೆ ಹೋಲ್ಸ್ಟರ್, ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದಿರಲಿ. ಟ್ರಿಗರ್ ಪೂರ್ತಿ ಮುಚ್ಚಿರಬೇಕು, ತಲೆಕೆಳಗು ಮಾಡಿ ಅಲುಗಿಸಿದರೂ ಖಾಲಿ ಪಿಸ್ತೂಲು ಜಾರಬಾರದು. ಮೆತ್ತನೆ ಬಟ್ಟೆಯ ಅಗ್ಗದ ಹೋಲ್ಸ್ಟರ್ ಬಾಯಿ ಮಡಚಿಕೊಂಡು ಟ್ರಿಗರ್ ಒತ್ತಬಹುದು. ಗಟ್ಟಿ ಬೆಲ್ಟ್ ಇಲ್ಲದಿದ್ದರೆ ಯಾವ ಹೋಲ್ಸ್ಟರೂ ನಿಲ್ಲದು. ಅಪಘಾತ ಆಗುವುದು ತೆಗೆಯುವಾಗ ಮಾತ್ರವಲ್ಲ, ಮರಳಿ ಸೇರಿಸುವಾಗಲೂ. ಜುಬ್ಬಾದ ಅಂಚೋ ಜಾಕೆಟ್ಟಿನ ದಾರವೋ ಟ್ರಿಗರ್ ಸುತ್ತಲಿನ ಬಳೆಯೊಳಗೆ ಹೋಗಿಬಿಡುತ್ತದೆ. ಅವಸರವೇ ಇಲ್ಲದ ಕೆಲಸ ಇದು, ಬಟ್ಟೆ ಎಡಗೈಯಲ್ಲಿ ಮೇಲೆತ್ತಿ, ಹೋಲ್ಸ್ಟರನ್ನು ಕಣ್ಣಿಂದ ನೋಡುತ್ತ ನಿಧಾನವಾಗಿ ಸೇರಿಸಿ. ಪುಟ್ಟ ಮಗುವಿದ್ದರೆ ಅದನ್ನು ಎತ್ತಿಕೊಳ್ಳುವ ಸೊಂಟ ಒಂದು, ಪಿಸ್ತೂಲಿನ ಸೊಂಟ ಇನ್ನೊಂದು ಎಂದು ಖಾಯಂ ಮಾಡಿ. ಮಗುವಿನ ಕಾಲು ಒದೆಯುವ ಜಾಗದಲ್ಲಿ ಹಿಡಿಕೆ ಇರಬಾರದು. ಸೀರೆ, ಚೂಡಿದಾರ್ ಉಟ್ಟ ದಿನ ಕೈಚೀಲದಲ್ಲಿ ಹಾಕಿಕೊಳ್ಳುವುದು ಬೇಡವೇ ಬೇಡ. ಆ ಚೀಲ ಕುರ್ಚಿಗೆ ನೇತು ಬೀಳುತ್ತದೆ, ಬಿಸ್ಕತ್ತಿಗೆಂದು ಮಗು ಅದಕ್ಕೇ ಕೈ ಹಾಕುತ್ತದೆ. ಆ ದಿನ ಪಿಸ್ತೂಲು ಮನೆಯಲ್ಲಿರಲಿ.

ಮೈಮೇಲಿಲ್ಲದ ಪ್ರತಿ ಕ್ಷಣವೂ ಅದು ಬೀಗದಲ್ಲಿರಬೇಕು. ಬಚ್ಚಿಡುವುದು ಬೀಗವಲ್ಲ. ಅಟ್ಟದ ಮೇಲಿನ ಚಕ್ಕುಲಿ ಡಬ್ಬ ಎಲ್ಲಿದೆಯೆಂದು ಗೊತ್ತಿರುವ ಮಗುವಿಗೆ ಅಪ್ಪನ ಬಟ್ಟೆಗಳ ಹಿಂದೆ ಏನಿದೆಯೆಂದೂ ಗೊತ್ತಿರುತ್ತದೆ. 2020ರಿಂದ ಈ ದೇಶದಲ್ಲಿ 1ರಿಂದ 19 ವರ್ಷದವರ ಸಾವಿಗೆ ಮೊದಲ ಕಾರಣ ಗನ್, ಕಾರಿನ ಅಪಘಾತವನ್ನೂ ಹಿಂದೆ ಹಾಕಿದೆ. ಪಿಸ್ತೂಲಿಗೆ ಮುಂಚೆಯೇ ತಿಜೋರಿ ಕೊಳ್ಳಿ. ಗುಂಡಿ ಒತ್ತಿ ತೆಗೆಯುವ ಯಾಂತ್ರಿಕ ಬೀಗದ್ದು ಮೇಲು, ಬ್ಯಾಟರಿ ಕೈಕೊಡುವ ಭಯವಿಲ್ಲ. ಸಂಖ್ಯೆ ಮನೆಯ ನಂಬರು, ಮದುವೆಯ ದಿನ, ಮಕ್ಕಳ ಹುಟ್ಟಿದ ವರ್ಷ ಆಗಿರಬಾರದು. ಬೆರಳಚ್ಚಿನ ತಿಜೋರಿಗಳಲ್ಲಿ ಕೆಲವು ಯಾರ ಬೆರಳಿಟ್ಟರೂ ತೆರೆಯುತ್ತಿದ್ದವು. 12 ವರ್ಷದ ಹುಡುಗನೊಬ್ಬ ಸತ್ತ ಮೇಲೆ 2023ರ ಅಕ್ಟೋಬರ್‌ನಲ್ಲಿ ಅಂಥ ಸುಮಾರು 61,000 ಪೆಟ್ಟಿಗೆಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ನಿಮ್ಮಲ್ಲಿ ಅಂಥದ್ದಿದ್ದರೆ ಖಾಲಿ ಪೆಟ್ಟಿಗೆಗೆ, ನೋಂದಾಯಿಸದ ಬೆರಳುಗಳನ್ನು ಒಂದೊಂದಾಗಿ ಇಟ್ಟು ನೋಡಿ. ಒಂದೇ ಸಲ ತೆರೆದರೂ ಎಸೆಯಿರಿ. ಪೆಟ್ಟಿಗೆಯನ್ನು ಮಂಚದ ಕಟ್ಟಿಗೋ ಗೋಡೆಗೋ ಸ್ಕ್ರೂ ಹಾಕಿ ಬಿಗಿಯಿರಿ, ಸಡಿಲವಾಗಿಟ್ಟರೆ ಕಳ್ಳ ಪೆಟ್ಟಿಗೆ ಸಮೇತ ಒಯ್ಯುತ್ತಾನೆ.

ಹದಿಹರೆಯದ ಮಕ್ಕಳಿದ್ದರೆ ಇನ್ನೂ ಬಿಗಿ ಬೇಕು. ಗುಂಡು ತೆಗೆದು ಬೇರೆ ಬೀಗದಲ್ಲಿಡಿ. ಓದಿನ ಒತ್ತಡ, ಒಂಟಿತನ, ಮಂಕು ಕಂಡರೆ ಗನ್ನನ್ನೇ ಮನೆಯಿಂದ ಹೊರಗೆ ಕಳಿಸಿ. ಕೆಲವು ಅಂಗಡಿಗಳು, ಪೊಲೀಸ್ ಠಾಣೆಗಳು ತಾತ್ಕಾಲಿಕವಾಗಿ ಇಟ್ಟುಕೊಳ್ಳುತ್ತವೆ. ಮಾತಾಡಲು 988 ಎಂಬ ಆತ್ಮಹತ್ಯೆ ತಡೆ ಸಹಾಯವಾಣಿ ಹಗಲು ರಾತ್ರಿ ಇರುತ್ತದೆ. ಮಗುವನ್ನು ಬೇರೆಯವರ ಮನೆಗೆ ಆಡಲು ಕಳಿಸುವಾಗ ಅಲರ್ಜಿಯ ವಿಷಯ ಹೇಳಿದಷ್ಟೇ ಸಹಜವಾಗಿ, "ಗನ್ ಇದ್ದರೆ ಬೀಗದಲ್ಲಿದೆ ಅಲ್ವಾ?" ಎಂದು ಕೇಳಿ. ಆಯುಧಪೂಜೆಗೆ ಇಡುವವರು ಮ್ಯಾಗಜಿನ್ ತೆಗೆದು, ಗುಂಡಿನ ಮನೆ ಖಾಲಿಯೆಂದು ಇಬ್ಬರು ನೋಡಿದ ಮೇಲೆ ಇಡಿ, ಗುಂಡು ಆ ಕೋಣೆಯಲ್ಲೇ ಬೇಡ. ಕುಂಕುಮ ಮುಚ್ಚಿದ ಪೆಟ್ಟಿಗೆಗೆ ಹಚ್ಚಿ, ಯಂತ್ರದೊಳಗೆ ಪುಡಿ ಸೇರಿದರೆ ಸಿಕ್ಕಿಕೊಳ್ಳುತ್ತದೆ. ಪೂಜೆ ಮುಗಿದ ತಕ್ಷಣ ಒಳಗೆ.

ದಿನಾ ರಾತ್ರಿ ಗುಂಡು ತೆಗೆದು ಬೆಳಿಗ್ಗೆ ಅದೇ ಗುಂಡನ್ನು ಮತ್ತೆ ಮತ್ತೆ ಏರಿಸಿದರೆ ಅದರ ಮೂತಿ ಚಿಪ್ಪಿನೊಳಗೆ ಕುಸಿಯುತ್ತದೆ. ಒಳಗೆ ಜಾಗ ಕಿರಿದಾಗಿ ಹೊಡೆದಾಗ ಒತ್ತಡ ಅಪಾಯಕ್ಕೇರುತ್ತದೆ. ಡಬ್ಬದ ಹೊಸ ಗುಂಡಿನ ಪಕ್ಕ ನಿಲ್ಲಿಸಿ ನೋಡಿ, ಕೂದಲೆಳೆಯಷ್ಟು ಗಿಡ್ಡವಾಗಿದ್ದರೂ ಅದನ್ನು ಮತ್ತೆ ತುಂಬಬೇಡಿ. ಇದಕ್ಕಿಂತ ಒಳ್ಳೆಯ ರೂಢಿ, ಹೋಲ್ಸ್ಟರ್ ಸಮೇತ ಪಿಸ್ತೂಲನ್ನು ಬಿಚ್ಚಿ ಹಾಗೆಯೇ ತಿಜೋರಿಗೆ ಇಡುವುದು: ಮುಟ್ಟುವುದು ಕಡಿಮೆ, ಟ್ರಿಗರ್ ಮುಚ್ಚಿಯೇ ಇರುತ್ತದೆ. ಹ್ಯೂಸ್ಟನ್ನಿನಂಥ ಸೆಕೆಯ ಊರಿನಲ್ಲಿ ಬೆವರಿಗೆ ಸ್ಕ್ರೂಗಳು, ಗುರಿಯ ಮೊನೆ ತುಕ್ಕು ಹಿಡಿಯುತ್ತವೆ. ವಾರಕ್ಕೊಮ್ಮೆ ಒರೆಸಿ, ಒಂದೆರಡು ಹನಿ ಎಣ್ಣೆ ಸಾಕು.

ಊರಿಗೆ ಹೋಗುವವರು ಇದನ್ನು ಓದಿ. ರೇಂಜಿಗೆ ಒಯ್ಯುವ ಚೀಲ ಆ ಕೆಲಸಕ್ಕೆ ಮಾತ್ರ ಇರಲಿ, ಅದು ಯಾವತ್ತೂ ವಿಮಾನ ಹತ್ತಬಾರದು. ಇಲ್ಲಿನ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 2024ರಲ್ಲಿ 6,678 ಗನ್ ಸಿಕ್ಕವು, ಹೆಚ್ಚಿನವು ಗುಂಡು ತುಂಬಿದವೇ. ಭಾರತದಲ್ಲಂತೂ ಚೀಲದ ಹೊಲಿಗೆಯ ಸಂದಿಯಲ್ಲಿ ಒಂದೇ ಜೀವಂತ ಗುಂಡು ಸಿಕ್ಕರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು. ಗೊತ್ತಿಲ್ಲದೆ ಬಂದದ್ದೆಂದು ಕೋರ್ಟುಗಳು ರದ್ದುಪಡಿಸಿದ ಉದಾಹರಣೆಗಳಿವೆ, ಆದರೆ ಅಷ್ಟರಲ್ಲಿ ರಜೆಯೂ ವಾಪಸಿನ ಟಿಕೆಟ್ಟೂ ಹೋಗಿರುತ್ತದೆ. ಕೊಡಗಿನವರು ಲೈಸೆನ್ಸ್ ಇಲ್ಲದೆ ಗನ್ ಇಟ್ಟುಕೊಳ್ಳಲು ತಮಗಿರುವ ವಿನಾಯಿತಿ ಇದಕ್ಕೂ ಬರುತ್ತದೆಂದು ಎಣಿಸಬೇಡಿ, ಅದು ವಿದೇಶದಿಂದ ತರುವುದಕ್ಕೆ ಕೊಟ್ಟ ಪರವಾನಗಿಯಲ್ಲ. ಸೂಟ್‌ಕೇಸ್ ತುಂಬುವ ಮುಂಚೆ ಜಾಕೆಟ್ಟಿನ ಜೇಬು, ಮಕ್ಕಳ ಶಾಲೆ ಚೀಲ, ಲ್ಯಾಪ್‌ಟಾಪ್ ಚೀಲದ ಒಳಜೇಬು ಎಲ್ಲವನ್ನೂ ತಿರುಗಿಸಿ ಕೊಡವಿ, ಬೆರಳಾಡಿಸಿ ನೋಡಿ.