ಅಪ್‌ಡೇಟ್: ಕೆಲಸ ಸಿಕ್ತು, ಸೈಬರ್ ಸೆಂಟರಲ್ಲಿ

ಸೆಕೆಂಡ್ ಪಿಯುಸಿ ಮುಗೀತು, ಅನುಭವ ಇಲ್ದೋರ್ಗೆ ಎರಡು ತಿಂಗಳಿಗೆ ಅಂತ ಯಾರು ಕೆಲಸ ಕೊಡ್ತಾರೆ ಅಂತ ಹೋದ ತಿಂಗಳು ಕೇಳಿದ್ನಲ್ಲ, ಅದೇ ನಾನು. ಆನ್‌ಲೈನ್ ಡೇಟಾ ಎಂಟ್ರಿಯವ್ರು ಮೊದ್ಲು ರಿಜಿಸ್ಟ್ರೇಶನ್ ಫೀಸ್ 1,500 ಹಾಕು ಅಂದ್ರು, ನೀವೆಲ್ಲ ಬೈದಿದ್ದು ನೆನಪಾಗಿ ಬಿಟ್ಟೆ (ಥ್ಯಾಂಕ್ಸ್!). ಅಂಗಡಿ ಅಂಗಡಿಗೆ ನೇರ ಹೋಗಿ ಕೇಳು ಅಂದಿದ್ರಲ್ಲ, ಹಂಗೇ ದಾವಣಗೆರೆ ಅಶೋಕ ರೋಡ್ ಪೂರ್ತಿ ತಿರುಗ್ದೆ, ಬಟ್ಟೆ ಅಂಗಡೀಲಿ ಮದುವೆ ಸೀಸನ್‌ಗೆ ಜನ ಬೇಕಿತ್ತು ಆದ್ರೆ ರಾತ್ರಿ ಹತ್ತರವರೆಗೂ ಇರ್ಬೇಕಂತೆ, ಅಮ್ಮ ಒಪ್ಲಿಲ್ಲ. ಕೊನೆಗೆ ಕಾಸ್ಟ್-ಇನ್‌ಕಮ್ ಸರ್ಟಿಫಿಕೇಟ್‌ಗೆ ಅರ್ಜಿ ಹಾಕೋಕೆ ಹೋಗಿದ್ದ ಸೈಬರ್ ಸೆಂಟರ್ ಅಣ್ಣನೇ ‘ಡಿಗ್ರಿ ಅಡ್ಮಿಷನ್ ರಶ್ ಐತಿ, ನಾಳಿಂದ ಬಾ’ ಅಂದ್ರು. ತಿಂಗ್ಳಿಗೆ 7,000.

ಅರ್ಧ ದಿನ ಫೋಟೋ ಸೈನ್ ಸ್ಕ್ಯಾನ್ ಮಾಡಿ 50 ಕೆಬಿ ಒಳಗೆ ಇಳಿಸೋದು, ಇನ್ನರ್ಧ ಓಟಿಪಿಗೆ ಕಾಯೋದು, ಅರ್ಜಿ ಹಾಕೋಕೆ ಬಂದ ಹುಡುಗ್ರ ಫೋನ್ ಅವ್ರ ಅಪ್ಪನ ಹತ್ರ, ಅಪ್ಪ ಹೊಲದಾಗೆ 😅 ಮೊದಲ್ನೇ ದಿನವೇ ಒಬ್ರ ಆಧಾರ್ ಪ್ರಿಂಟ್ ಲ್ಯಾಮಿನೇಶನ್ ಮೆಷಿನ್ ಒಳಗೆ ಸುತ್ಕೊಂಡು ಸುಕ್ಕಾಯ್ತು. ಅಣ್ಣ ಬೈಲಿಲ್ಲ, ಇನ್ನೊಂದು ಪ್ರಿಂಟ್ ತೆಗ್ದು ಕವರ್ ಅಂಟಿರೋ ಕಡೆ ಮೊದ್ಲು ಒಳಗೆ ಬಿಡು ಅಂತ ತೋರಿಸಿದ್ರು. ಸಂಬಳ 5ನೇ ತಾರೀಖು, ಇನ್ನೂ ಕೈಗೆ ಬಂದಿಲ್ಲ.