ಮೀಟಿಂಗಿನಲ್ಲಿ ಬಾಯಿ ಕಟ್ಟುತ್ತದೆ, ಟೋಸ್ಟ್‌ಮಾಸ್ಟರ್ಸ್ ಸೇರಲಾ? ಅನುಭವ ಇದ್ದವರು ಹೇಳಿ

ಬೈಂದೂರು ಹುಡುಗ: ಮಣಿಪಾಲದ ಒಂದು ಕಂಪೆನಿಯಲ್ಲಿ ಸಪೋರ್ಟ್ ಕೆಲಸ, ಮೂರು ವರ್ಷ ಆಯ್ತು. ಹತ್ತನೇವರೆಗೆ ಕನ್ನಡ ಮಾಧ್ಯಮ. ಟೀಮ್ ಲೀಡ್ ಆಗ್ಲಿಕ್ಕೆ ಎರಡು ಸಲ ನನ್ನ ಹೆಸರು ಬಂದು ತಪ್ಪಿಹೋಯ್ತು. ಕ್ಲೈಂಟ್ ಕಾಲ್‌ನಲ್ಲಿ ನನ್ನ ಸರದಿ ಬಂದರೆ ಗಂಟಲು ಒಣಗ್ತದೆ. ಟೋಸ್ಟ್‌ಮಾಸ್ಟರ್ಸ್‌ನಂಥ ಭಾಷಣದ ಕ್ಲಬ್ ಸೇರಿದವರಿಗೆ ಕೆಲಸದಲ್ಲಿ ಪ್ರಯೋಜನ ಆಗಿದೆಯಾ? ವಾರ ಬಿಟ್ಟು ವಾರ ರಾತ್ರಿ ಪಾಳಿ ಉಂಟು, ಅದಕ್ಕೆ ಕೇಳಿದ್ದು.

ಬಿಜೈಯವಳು: ಆಗಿದೆ, ಆದರೆ ಸುಲಭದಲ್ಲಿ ಅಲ್ಲ. ನಾನು ಟೋಸ್ಟ್‌ಮಾಸ್ಟರ್ಸ್ ಸೇರಿದ್ದು 2019ರಲ್ಲಿ. ಆಗ ಸದಸ್ಯರ ಚಂದಾ ಆರು ತಿಂಗಳಿಗೆ 45 ಡಾಲರ್, ಹೊಸಬರಿಗೆ ಇನ್ನು 20. ಡಾಲರಿಗೆ 70 ರೂಪಾಯಿ ಹಿಡಿದರೂ ನಾಲ್ಕೂವರೆ ಸಾವಿರ. ಈಗ ಆ 45 ಹೋಗಿ 60 ಆಗಿದೆ. ಹಾಲ್ ಬಾಡಿಗೆ, ಚಾ ಖರ್ಚು ಪ್ರತ್ಯೇಕ. "ಮಾತಾಡ್ಲಿಕ್ಕೂ ದುಡ್ಡು ಕೊಡ್ಬೇಕಾ" ಅಂತ ಅಮ್ಮ ಒಂದು ವಾರ ಹೇಳಿದರು.

ಐಸ್ ಬ್ರೇಕರ್ ಅಂದರೆ ಹೊಸಬರ ಮೊದಲ ಭಾಷಣ, 4ರಿಂದ 6 ನಿಮಿಷ. ನಾನು ಎರಡನೇ ನಿಮಿಷಕ್ಕೇ ನಿಂತುಬಿಟ್ಟೆ. ಕನಿಷ್ಠ ಸಮಯ ಆಯ್ತು ಅಂತ ತೋರಿಸುವ ಹಸಿರು ಕಾರ್ಡ್ ಏಳುವ ಮೊದಲು ಹೋಗಿ ಕೂತವಳು, ಮನೆಗೆ ಬಂದು ಊಟ ಮಾಡದೆ ಮಲಗಿದೆ. ಮತ್ತೆ ನಾಲ್ಕು ತಿಂಗಳು ಭಾಷಣ ತೆಗೊಳ್ಳಲೇ ಇಲ್ಲ. ಬರೀ ಟೈಮರ್ (ಸಮಯ ನೋಡುವವರು), ಅಹ್ ಕೌಂಟರ್ (ಮಾತಿನ ನಡುವೆ ಬರುವ 'ಅಹ್', 'ಸೋ' ಲೆಕ್ಕ ಇಡುವವರು). ಅದೇ ನನಗೆ ಆಗಿಬಂತು! ಎದ್ದು ನಿಂತು ಲೆಕ್ಕ ಓದಿದರೆ ಸಾಕು, ಕಣ್ಣು ಕಾಗದದ ಮೇಲೆ ಇರ್ತದೆ, ಕಾಲು ನಡುಗುವುದು ತನ್ನಷ್ಟಕ್ಕೆ ನಿಲ್ತದೆ. ಆಫೀಸಿನಲ್ಲಿ ಉಪಯೋಗಕ್ಕೆ ಬಂದದ್ದು ಭಾಷಣ ಅಲ್ಲ, ಇವ್ಯಾಲ್ಯುವೇಶನ್. 2-3 ನಿಮಿಷದೊಳಗೆ ಒಬ್ಬರ ತಪ್ಪನ್ನು ಅವರ ಮನಸ್ಸು ಮುರಿಯದ ಹಾಗೆ ಹೇಳ್ಬೇಕು. ಇವತ್ತು ನನ್ನ ಕೈಕೆಳಗೆ ಆರು ಜನ ಇದ್ದಾರೆ, ದಿನಾ ಮಾಡುವುದು ಅದನ್ನೇ.

ಪುತ್ತೂರು ಅರ್ಥಧಾರಿ: ಡಾಲರ್ ಕೊಟ್ಟು ಮಾತು ಕಲಿಯುವ ಗತಿ ನಮ್ಮ ಊರಿನವರಿಗೆ ಎಂತಕ್ಕೆ ಮಾರಾಯ್ರೇ? ಶೇಣಿಯವರು, ದೇರಾಜೆಯವರಂಥ ದೊಡ್ಡ ಕಲಾವಿದರು ತಾಳಮದ್ದಳೆಯಲ್ಲಿ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳಿದ ನೆಲ ಇದು. ನಾನು ಮೊದಲ ಸಲ ತಾಳಮದ್ದಳೆಗೆ ಕೂತಾಗ ಹದಿನಾರು ವರ್ಷ, ವಿದುರನ ಅರ್ಥ. ಹಾಡುವ ಭಾಗವತರ ಪದ ಮುಗಿದ ಕೂಡಲೇ ಮಾತು ಹೊರಡಬೇಕು. ಕೈಯಲ್ಲಿ ಚೀಟಿ ಇಲ್ಲ. ಕೌರವನ ಅರ್ಥದವರು ಪ್ರಸಂಗದಲ್ಲಿ ಇಲ್ಲದ ಒಂದು ಪ್ರಶ್ನೆ ಹಾಕಿದರು, ನನಗೆ ಉತ್ತರ ಹೊಳೆಯಲಿಲ್ಲ. ಇಡೀ ಸಭೆ ನನ್ನನ್ನೇ ನೋಡ್ತಿತ್ತು. ಆ ಅವಮಾನಕ್ಕೆ ಎರಡು ವರ್ಷ ಮಹಾಭಾರತ ಓದಿದೆ. ಮತ್ತೆ ಬ್ಯಾಂಕಿನಲ್ಲಿ 28 ವರ್ಷ, ಮಾತಿನಲ್ಲಿ ಎಲ್ಲೂ ಸೋತವನಲ್ಲ.

ಬಿಜೈಯವಳು: ತಾಳಮದ್ದಳೆ ಬಗ್ಗೆ ಗೌರವ ಉಂಟು ಅಣ್ಣ. ಆದರೆ ಅಲ್ಲಿ ಒಂದು ಪದಕ್ಕೆ ಅರ್ಧ ಗಂಟೆ ಅರ್ಥ ಹೇಳಿದರೂ ಜನ ಕೂತು ಕೇಳ್ತಾರೆ. ಕ್ಲೈಂಟ್ ಕೇಳ್ತಾನಾ? ನಮ್ಮ ಸ್ಪರ್ಧೆಯ ಭಾಷಣದಲ್ಲಿ 7 ನಿಮಿಷಕ್ಕೆ ಕೆಂಪು ಕಾರ್ಡ್, ಅದರ ಮೇಲೆ 30 ಸೆಕೆಂಡ್ ದಾಟಿದರೆ ಸ್ಪರ್ಧೆಯಿಂದ ಹೊರಗೆ.

ಪುತ್ತೂರು ಅರ್ಥಧಾರಿ: ಗಡಿಯಾರ ನೋಡಿ ಮಾತಾಡುವವರಿಗೆ ಎದುರಿನವನ ಮುಖ ಕಾಣುವುದಿಲ್ಲ. ಮತ್ತೆ, ಅರ್ಧ ಗಂಟೆ ಹೇಳುವವರು ಅಷ್ಟು ಓದಿಕೊಂಡವರು. ಹಗುರ ಮಾಡಬೇಡಿ.

ಬಿಜೈಯವಳು: ಹಗುರ ಮಾಡಿದ್ದು ಯಾರು? ಡಾಲರ್ ಅಂತ ಶುರು ಮಾಡಿದ್ದೇ ನೀವು. ಸ್ವಂತ ಸಂಬಳದಲ್ಲಿ ಕಟ್ಟಿದ್ದು ನಾನು.

ಕುಂದಾಪ್ರದವ: ನನ್ನದು ಕೇಳಿ. ಮಂಗಳೂರಿನಲ್ಲಿ ಒಂದು ತರಬೇತಿಗೆ 18,000 ಕಟ್ಟಿದೆ, ಮೂರೇ ದಿನದಲ್ಲಿ ಸಭಾಕಂಪನ ಹೋಗ್ತದೆ ಅಂದಿದ್ದರು. ಹಂಪನಕಟ್ಟೆಯಲ್ಲಿ ಲಾಡ್ಜಿಗೆ 2,400. ಕೋಟು ಕಡ್ಡಾಯ, ಅದಕ್ಕೆ 3,200. ಬಸ್ಸು, ಊಟ ಲೆಕ್ಕ ಇಟ್ಟಿಲ್ಲ. ಅರವತ್ತು ಜನ ಇದ್ದೆವು, ಮೂರು ದಿನದಲ್ಲಿ ನನಗೆ ಮೈಕ್ ಸಿಕ್ಕಿದ್ದು ಒಂದೇ ಸಲ. ಸರ್ಟಿಫಿಕೇಟ್ ಇನ್ನೂ ಕಪಾಟಿನಲ್ಲಿದೆ. ಕಡೆಗೆ ಕಲಿತದ್ದು ಜೇಸಿಯಲ್ಲಿ, ಯುವಜನರ ಸಂಸ್ಥೆ ಅದು. ಸ್ವಾಗತ, ಧನ್ಯವಾದ, ವರದಿ ಅಂತ ಪ್ರತಿ ಸಲ ಏನಾದರೊಂದು ತಲೆಗೆ ಕಟ್ಟುತ್ತಿದ್ದರು. ಆದರೆ ಅಲ್ಲಿ 40 ವರ್ಷದವರೆಗೆ ಮಾತ್ರ. ನಾನು ಸೇರುವಾಗಲೇ 38. ಹತ್ತು ವರ್ಷ ಮೊದಲು ಯಾರಾದರೂ ಹೇಳಿದ್ದರೆ ಅಂತ ಈಗಲೂ ಹೊಟ್ಟೆ ಉರೀತದೆ.

ಸುರತ್ಕಲ್ ಟೀಚರ್: ಎಲ್ಲರೂ ಇಂಗ್ಲಿಷ್ ಭಾಷಣದ ಬಗ್ಗೆಯೇ ಹೇಳ್ತಿದ್ದೀರಿ. ನನ್ನ ಕ್ಲಾಸಿನ ಮಕ್ಕಳಿಗೆ ಕನ್ನಡದಲ್ಲೂ ಐದು ವಾಕ್ಯ ನೆಟ್ಟಗೆ ಬರುವುದಿಲ್ಲ. ಮೊದಲು ಮನೆಯ ಭಾಷೆಯಲ್ಲಿ ಬಾಯಿ ಬಿಡಲಿ.

ಬಿಜೈಯವಳು: ಟೀಚರೇ, ಇವರಿಗೆ ಬೇಕಾದದ್ದು ಕ್ಲೈಂಟ್ ಕಾಲ್.

ಪುತ್ತೂರು ಅರ್ಥಧಾರಿ: ಟೀಚರ್ ಹೇಳಿದ್ದೇ ಸರಿ. ಮನೆ ಮಾತು ಗಟ್ಟಿ ಇದ್ದವನಿಗೆ ಇಂಗ್ಲಿಷ್ ಮೂರು ತಿಂಗಳ ಕೆಲಸ.

ಬಿಜೈಯವಳು: ಮೂರು ತಿಂಗಳಾ? ನನಗೆ ಬರೀ 'ಸೋ' ಬಿಡ್ಲಿಕ್ಕೆ ಒಂದು ವರ್ಷ ಬೇಕಾಯ್ತು. ಒಂದೇ ಭಾಷಣದಲ್ಲಿ 31 ಸಲ ಅಂತ ಬರೆದುಕೊಟ್ಟಿದ್ದರು.

ಬೈಂದೂರು ಹುಡುಗ: ಎಲ್ಲರಿಗೂ ಧನ್ಯವಾದ. ರಾತ್ರಿ ಪಾಳಿಯ ವಾರ ತಪ್ಪಿದರೆ ಏನಾಗ್ತದೆ ಅಂತ ಯಾರೂ ಹೇಳಲಿಲ್ಲ.

ಬಿಜೈಯವಳು: ಏನೂ ಆಗುದಿಲ್ಲ ತಮ್ಮ. ಬರುವುದಿಲ್ಲ ಅಂತ ಮೊದಲೇ ತಿಳಿಸು, ನಿನ್ನ ರೋಲ್ ಬೇರೆಯವರಿಗೆ ಕೊಡ್ತಾರೆ. ದುಡ್ಡು ಕಟ್ಟುವ ಮೊದಲು ಅತಿಥಿಯಾಗಿ ಎರಡು ಮೂರು ಸಲ ಹೋಗಿ ಕೂತು ನೋಡು. ಟೇಬಲ್ ಟಾಪಿಕ್ಸ್‌ಗೆ, ಅಂದರೆ ಅಲ್ಲೇ ಕೊಟ್ಟ ವಿಷಯಕ್ಕೆ ತಯಾರಿ ಇಲ್ಲದೆ ಮಾತಾಡ್ಲಿಕ್ಕೆ, ಕರೆದರೆ ಬೇಡ ಅನ್ನಬಹುದು. ನಾನು ಎರಡು ಸಲ ಅಂದಿದ್ದೇನೆ.

ಪುತ್ತೂರು ಅರ್ಥಧಾರಿ: ಪುತ್ತೂರು ಕಡೆ ಬಂದರೆ ತಿಳಿಸು. ನಮ್ಮ ಸಂಘದಲ್ಲಿ ದೂತನ ಅರ್ಥಕ್ಕೆ ಯಾವಾಗಲೂ ಜನ ಕಮ್ಮಿ.